ಹನಿಮೂನ್‌ಗೆ ಜಪಾನ್: ರೈಲ್ ಪಾಸ್ ಬೇಕಾ, ಬೇಡ್ವಾ?

ಹನಿಮೂನ್‌ಗೆ ಜಪಾನ್ ಹೊರಟಿದ್ದೀರಾ?
ಟೋಕಿಯೊ, ಕ್ಯೋಟೊ, ಒಸಾಕಾ, ಮೂರೂ ನೋಡ್ಬೇಕಾ?
ರೈಲ್ ಪಾಸ್ ತಗೊಳ್ಳೋ ಮುಂಚೆ ಇದನ್ನ ಕೇಳಿ.

ನಮ್ಮ ಹೈದರಾಬಾದಿನ ಉಪ್ಪಲ್‌ನಿಂದ ರಾತ್ರಿ ಬಸ್ ಹತ್ತಿದ್ರೆ
ಬೆಂಗಳೂರು ಮುಟ್ಟೋಷ್ಟರಲ್ಲಿ ಬೆಳಗಾಗಿರುತ್ತೆ.
ಹತ್ತಿರ ಹತ್ತಿರ ಅಷ್ಟೇ ದೂರ,
ಟೋಕಿಯೊದಿಂದ ಒಸಾಕಾಗೆ.
ಬುಲೆಟ್ ರೈಲಲ್ಲಿ? ಎರಡೂವರೆ ಗಂಟೆ!
1964ರಿಂದ ಓಡ್ತಿದೆ ಈ ಲೈನು.

ಈಗ ದುಡ್ಡಿನ ವಿಷ್ಯ.
ಏಳು ದಿನದ ಜಪಾನ್ ರೈಲ್ ಪಾಸ್,
2023ರ ಅಕ್ಟೋಬರಲ್ಲಿ
ಸುಮಾರು 30 ಸಾವಿರ ಯೆನ್‌ನಿಂದ
ಒಂದೇ ಏಟಿಗೆ 50 ಸಾವಿರ ಆಯ್ತು.
ಅದೂ ಒಬ್ಬರಿಗೆ!
ಟೋಕಿಯೊ–ಕ್ಯೋಟೊ ಬಿಡಿ ಟಿಕೆಟ್ಟು ಸುಮಾರು 14 ಸಾವಿರ.
ಹೋಗಿ ಬಂದ್ರೂ 28.
ಲೆಕ್ಕ ನೀವೇ ಹಾಕಿ.

ಕ್ಯೋಟೊದಲ್ಲಿ ಫುಶಿಮಿ ಇನಾರಿ ದೇಗುಲ ಬಿಡ್ಬೇಡಿ.
ಬೆಟ್ಟ ಹತ್ತೋ ದಾರಿಯುದ್ದಕ್ಕೂ
ಸಾಲುಸಾಲು ಕೆಂಪು ಕಮಾನುಗಳು.
ಟಿಕೆಟ್ ಇಲ್ಲ, ರಾತ್ರಿ ಬಾಗಿಲು ಹಾಕಲ್ಲ.
ಬೆಳಗ್ಗೆ ಆರಕ್ಕೇ ಹೋಗಿ.
ಹತ್ತಾದ್ರೆ ಫೋಟೊದಲ್ಲಿ ನೀವಿಬ್ರೇ ಇರಲ್ಲ,
ಊರಿಗೆ ಊರೇ ಇರುತ್ತೆ!

ಅಲ್ಲಿಂದ ನಾರಾ, ರೈಲಲ್ಲಿ ಒಂದು ಗಂಟೆಯೊಳಗೆ.
ಬಿಸ್ಕೆಟ್ ತೋರಿಸಿದ್ರೆ ಅಲ್ಲಿನ ಜಿಂಕೆಗಳು ತಲೆ ಬಾಗಿಸ್ತಾವೆ.
ಕೊಡೋದು ತಡ ಆದ್ರೆ ಬಟ್ಟೆ ಎಳೀತಾವೆ, ಹುಷಾರು.

ಸಸ್ಯಾಹಾರಿಗಳೇ,
ಜಪಾನಿನ ಮಿಸೊ ಸೂಪ್‌ನಲ್ಲೂ
ಸಾಮಾನ್ಯವಾಗಿ ಮೀನಿನ ರಸ ಇರುತ್ತೆ.
ಕೇಳಿಯೇ ಆರ್ಡರ್ ಮಾಡಿ.
ಚಟ್ನಿಪುಡಿ ಡಬ್ಬಿ ಮಾತ್ರ ಮರೀಬೇಡಿ!