ಮೂರನೇ ಸಲವೂ ಗಬ್ಬ ನಿಲ್ಲದಿದ್ದರೆ

ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳನ್ನು ದಾಟಿ ಆನೇಕಲ್ ಕಡೆ ಹೋದರೆ ಈಗಲೂ ಬೆಳಗಿನ ಜಾವ ಡೇರಿಯ ಮುಂದೆ ಹಾಲಿನ ಕ್ಯಾನುಗಳು ಸಾಲುಗಟ್ಟುತ್ತವೆ. ಅಲ್ಲಿ ನಿಂತವರ ನಡುವೆ ಫ್ಯಾಟು, ಹಿಂಡಿಯ ರೇಟು ಮುಗಿದ ಮೇಲೆ ಬರುವ ಮಾತು ಒಂದಿದೆ: “ಎರಡು ಸಲ ಸೆಮೆನ್ ಕೊಡಿಸಿದೆ, ಗಬ್ಬ ನಿಲ್ಲಲಿಲ್ಲ.” ಮೂರನೇ ಸಲವೂ ಹಸು ತಿರುಗಿ ಬೆದೆಗೆ ಬಂದರೆ ಅದನ್ನು ಮಾರುವ ಯೋಚನೆ ಶುರುವಾಗುತ್ತದೆ. ಹೋರಿಯ ವಿಚಾರ ಯಾರೂ ಎತ್ತುವುದಿಲ್ಲ. ಎತ್ತುವುದಾದರೂ ಹೇಗೆ, ಆ ಹೋರಿಯನ್ನು ಅವರು ಕಂಡೇ ಇಲ್ಲ.

ಅದು ಬೆಂಗಳೂರಿನ ಇನ್ನೊಂದು ತುದಿಯಲ್ಲಿ ಇದ್ದಿರಬಹುದು. ಪೀಣ್ಯ ದಾಟಿ, ಎಂಟನೇ ಮೈಲಿಯಲ್ಲಿ ತುಮಕೂರು ರಸ್ತೆ ಬಿಟ್ಟು ಹೊರಳಿದರೆ ಹೆಸರಘಟ್ಟ. ಡೆನ್ಮಾರ್ಕಿನ ನೆರವಿನಿಂದ 1969ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಘನೀಕೃತ ವೀರ್ಯ ಉತ್ಪಾದನೆ ಮತ್ತು ತರಬೇತಿ ಸಂಸ್ಥೆ ಅಲ್ಲಿದೆ. ಈ ಕೆಲಸಕ್ಕೆ ನಮ್ಮಲ್ಲಿ ಅದಕ್ಕೂ ಹಳೆಯ ಬೇರಿದೆ. ದೇಶದ ಮೊದಲ ಕೃತಕ ಗರ್ಭಧಾರಣೆ ನಡೆದದ್ದು 1939ರಲ್ಲಿ, ಮೈಸೂರಿನ ಅರಮನೆ ಡೇರಿ ಫಾರಂನಲ್ಲಿ. ಅಲ್ಲಿ ಸಂಪತ್‌ಕುಮಾರನ್ ಎಂಬವರು ಹೋಲ್‌ಸ್ಟೀನ್ ಹೋರಿಯ ವೀರ್ಯ ಬಳಸಿ 33 ಹಳ್ಳಿಕಾರ್ ಹಸುಗಳು ಗಬ್ಬವಾಗುವಂತೆ ಮಾಡಿದ್ದರು.

ಗಬ್ಬ ನಿಲ್ಲದಿರಲು ಹೋರಿಯೂ ಕಾರಣವಿರಬಹುದು. ಅದು ತಿಳಿಯಲು ವೀರ್ಯಾಣು ತಯಾರಾಗುವ ಬಗೆಯನ್ನು ಸ್ವಲ್ಪ ನಿಂತು ನೋಡಬೇಕು. ಹೋರಿಯ ಮೈಶಾಖ ಸುಮಾರು 38.5 ಡಿಗ್ರಿ ಸೆಲ್ಸಿಯಸ್. ವೃಷಣಕ್ಕೆ ಅದಕ್ಕಿಂತ ನಾಲ್ಕೈದು ಡಿಗ್ರಿ ತಂಪು ಬೇಕು. ಅದಕ್ಕೇ ಅದು ಹೊಟ್ಟೆಯೊಳಗಿರದೆ ಹೊರಗೆ ಚೀಲದಲ್ಲಿ ತೂಗುತ್ತದೆ. ಕೆಳಗಿಳಿಯುವ ಬಿಸಿರಕ್ತದ ನಾಳವನ್ನು ಮೇಲೇರುವ ಸಿರೆಗಳ ಬಲೆ ಸುತ್ತಿಕೊಂಡಿರುತ್ತದೆ. ಇಳಿಯುವ ರಕ್ತ ತನ್ನ ಶಾಖವನ್ನು ದಾರಿಯಲ್ಲೇ ಏರುವ ರಕ್ತಕ್ಕೆ ಕೊಟ್ಟು ತಣ್ಣಗಾಗುತ್ತದೆ. ಚಳಿಯಲ್ಲಿ ಚೀಲ ಮುದುಡಿ ಮೈಗೆ ಹತ್ತಿಕೊಳ್ಳುತ್ತದೆ, ಸೆಕೆಯಲ್ಲಿ ಜೋತುಬೀಳುತ್ತದೆ. ಎಷ್ಟು ಅಚ್ಚುಕಟ್ಟಾದ ಏರ್ಪಾಡು! ಆದರೆ ಜೋರು ಜ್ವರಕ್ಕೋ ಬಿಡದ ಬಿಸಿಲಿಗೋ ಇದೂ ಸೋಲುತ್ತದೆ.

ಸೋತದ್ದು ಅಂದೇ ಗೊತ್ತಾಗುವುದಿಲ್ಲ. ಹೋರಿಯಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಸುಮಾರು 61 ದಿನ ಬೇಕು, ಮಾಗಿ ಹೊರಬರಲು ಮತ್ತೊಂದು ವಾರಕ್ಕೂ ಹೆಚ್ಚು. ಏಪ್ರಿಲ್ ಸೆಕೆಯ ಪೆಟ್ಟು ಮೇ, ಜೂನ್ ತಿಂಗಳ ವೀರ್ಯದಲ್ಲಿ ಕಾಣಿಸುತ್ತದೆ, ಮಳೆ ಬಿದ್ದು ಹೋರಿ ಹಾಯಾಗಿ ಮೇಯುತ್ತಿರುವಾಗ! ಇಂದಿನ ವೀರ್ಯ ಎರಡು ತಿಂಗಳ ಹಿಂದಿನ ಹೋರಿಯ ಆರೋಗ್ಯವನ್ನು ಹೇಳುತ್ತದೆ. ಹೋಲ್‌ಸ್ಟೀನ್ ರಕ್ತ ಬೆರೆತ ಮಿಶ್ರತಳಿ ಹೋರಿಗಳಲ್ಲಂತೂ ವೀರ್ಯ ಚೆನ್ನಾಗಿಲ್ಲವೆಂದೇ ಎಷ್ಟನ್ನೋ ಕೈಬಿಡಬೇಕಾಗುತ್ತದೆ.

ಕೈಬಿಡದವುಗಳ ವೀರ್ಯ ಕಡ್ಡಿಗೆ ಇಳಿಯುತ್ತದೆ. ಕಾಲು ಮಿಲಿಲೀಟರ್ ಹಿಡಿಯುವ ಆ ಸಣ್ಣ ಪ್ಲಾಸ್ಟಿಕ್ ನಳಿಕೆಯಲ್ಲಿ ಸುಮಾರು ಎರಡು ಕೋಟಿ ವೀರ್ಯಾಣುಗಳಿರುತ್ತವೆ. ನೀರು ಹರಳುಗಟ್ಟಿ ಅವನ್ನು ಸೀಳದಿರಲೆಂದು ಗ್ಲಿಸರಾಲ್ ಬೆರೆಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇಡುತ್ತಾರೆ. ಮಾದರಿ ಕಡ್ಡಿ ಕರಗಿಸಿ ನೋಡಿದಾಗ ಅರ್ಧದಷ್ಟಾದರೂ ಮುನ್ನುಗ್ಗಿ ಈಜದಿದ್ದರೆ ಆ ಬ್ಯಾಚು ಹೊರಗೆ. ಅಲ್ಲಿಂದ ಮುಂದೆ ಕಡ್ಡಿಯ ಹಣೆಬರಹ ಊರೂರ ಸಾರಜನಕದ ಕ್ಯಾನುಗಳ ಕೈಯಲ್ಲಿ. ಸಾರಜನಕ ಇಂಗಿದರೆ, ಬೇಕಾದ ಕಡ್ಡಿ ಹುಡುಕಲು ಉಳಿದವನ್ನೂ ಮೇಲೆತ್ತಿ ಹಿಡಿದರೆ ಒಳಗಿನವು ಸಾಯುತ್ತವೆ. ಕರಗಿಸಲು 37 ಡಿಗ್ರಿಯ ನೀರು, 30 ಸೆಕೆಂಡು ಬೇಕು. ಅಂಗೈಯಲ್ಲಿ ಉಜ್ಜಿ ಕರಗಿಸುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಕೆಲವು ಹೋರಿಗಳ ವೀರ್ಯಕ್ಕೆ ಗಬ್ಬ ಕಡಿಮೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ವೀರ್ಯಾಣುಗಳು ಚುರುಕಾಗಿ ಈಜುತ್ತಿರುತ್ತವೆ. ಈ ಒಗಟಿನ ಬೆನ್ನುಹತ್ತಿದವರು ಬೆಂಗಳೂರಿನ ಆಡುಗೋಡಿಯ ವಿಜ್ಞಾನಿಗಳು. 1927ರಲ್ಲಿ ಗಾಂಧೀಜಿ ಹಸು ಸಾಕಣೆ ಕಲಿಯಲು ಬಂದ ಜಾಗವದು. ಈಗ ಅಲ್ಲಿ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರವಿದೆ. ಹೆಚ್ಚು ಗಬ್ಬ ನಿಲ್ಲಿಸುವ ಹೋರಿಗಳ ವೀರ್ಯಾಣುವಿನ ಪ್ರೋಟೀನು, ಆರ್‌ಎನ್‌ಎಗಳನ್ನು ಕಡಿಮೆ ನಿಲ್ಲಿಸುವವುಗಳ ಜೊತೆ ಹೋಲಿಸುತ್ತಾರೆ. ಈಜು ಬಂದರೆ ಸಾಲದು, ಅಂಡವನ್ನು ಸೇರುವ, ಭ್ರೂಣವನ್ನು ಹೊರಡಿಸುವ ಸರಕೂ ಜೊತೆಗಿರಬೇಕು.

ಹಸುವಿನದೂ ಪಾಲಿದೆ ನಿಜ. ಬೆಳಿಗ್ಗೆ ಬೆದೆ ಕಂಡರೆ ಸಂಜೆ ಕೊಡಿಸಬೇಕು, ತಡವಾದರೆ 21 ದಿನ ಕಾಯಬೇಕು. ಆದರೆ ಹೋರಿಯ ಲೆಕ್ಕವನ್ನೂ ಇಡಬೇಕು. ಕಡ್ಡಿಯ ಮೇಲೆ ಹೋರಿಯ ನಂಬರು, ತಳಿ, ತಯಾರಾದ ತಾರೀಖು ಅಚ್ಚಾಗಿರುತ್ತವೆ. ಕೆಲಸ ಮುಗಿದ ಮೇಲೆ ಅದನ್ನು ಎಸೆಯಲು ಬಿಡದೆ ಕೇಳಿ ಪಡೆಯಿರಿ, ಕ್ಯಾಲೆಂಡರಿನಲ್ಲಿ ಬೆದೆಯ ದಿನದ ಪಕ್ಕ ಆ ನಂಬರು ಬರೆದಿಡಿ. ಮೂರೂ ಸಲ ಅದೇ ನಂಬರಿದ್ದರೆ ನಾಲ್ಕನೇ ಸಲ ಬೇರೆ ಹೋರಿಯದು ಕೇಳಿ. ಹಸುವನ್ನು ಮಾರುವ ಮಾತು ಆಮೇಲೆ.