ಅರ್ಜಿ ಹಾಗೂ ದಸ್ತಾವೇಜುಗಳ ಬೆರಳಚ್ಚಿನಲ್ಲಿ ವಿಶೇಷ ಚಿಹ್ನೆಗಳ ಬಳಕೆ: ಸಾರ್ವಜನಿಕರಿಗೆ ಮಾಹಿತಿ

ನಾಗರಿಕರು ವಿವಿಧ ಸೇವೆಗಳಿಗಾಗಿ ಸಲ್ಲಿಸುವ ಅರ್ಜಿ, ಮನವಿ, ಕ್ರಯಪತ್ರ ಮತ್ತು ವಿಭಾಗಪತ್ರಗಳನ್ನು ಸಾಮಾನ್ಯವಾಗಿ ಡಿ.ಟಿ.ಪಿ. ಕೇಂದ್ರಗಳಲ್ಲಿ ಸಿದ್ಧಪಡಿಸಲಾಗುತ್ತದೆ. ಕಾಗದದ ಮೇಲೆ ಸರಿಯಾಗಿ ಕಾಣುವ ಹೆಸರು, ವಿಳಾಸ ಅಥವಾ ವಿಸ್ತೀರ್ಣವು ಗಣಕಯಂತ್ರದ ಕಡತದಲ್ಲಿ ಬೇರೆಯೇ ಆಗಿರುವ ಸಂಭವವಿದೆ. ಇದನ್ನು ತಪ್ಪಿಸಲು ಅರ್ಜಿದಾರರು ತಿಳಿದಿರಬೇಕಾದ ಅಂಶಗಳನ್ನು ಈ ಕೆಳಗೆ ವಿವರಿಸಲಾಗಿದೆ.

1. ಅಕ್ಷರ ಸಂಕೇತಗಳು

ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ ಹಾಗೂ ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಬಿಡುಗಡೆ ಮಾಡಿದ ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸ್ಥಾನದಲ್ಲಿಯೇ ಕನ್ನಡದ ಅಕ್ಷರಭಾಗಗಳನ್ನು ಇರಿಸಲಾಗಿದೆ. ಆ ಫಾಂಟು ಇಲ್ಲದ ಯಂತ್ರದಲ್ಲಿ ಅಂತಹ ಕಡತವನ್ನು ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಯೂನಿಕೋಡ್‌ನಲ್ಲಿ ಪ್ರತಿಯೊಂದು ಕನ್ನಡ ಅಕ್ಷರಕ್ಕೂ ಪ್ರತ್ಯೇಕ ಸಂಕೇತವಿರುವುದರಿಂದ ಈ ತೊಂದರೆ ಇರುವುದಿಲ್ಲ. ಆದ್ದರಿಂದ ತುಂಗಾ, ನಿರ್ಮಲಾ ಮುಂತಾದ ಯೂನಿಕೋಡ್ ಫಾಂಟುಗಳಲ್ಲಿ ಬೆರಳಚ್ಚು ಮಾಡಿಸುವುದು ಸೂಕ್ತ.

2. ಸೊನ್ನೆ ಮತ್ತು ಅನುಸ್ವಾರ, ಒಂಬತ್ತು ಮತ್ತು ಅರ್ಕಾವೊತ್ತು

ಉದಾಹರಣೆಗೆ ‘ಮಾರ್ಗೋಸಾ ರಸ್ತೆ, ಮಲ್ಲೇಶ್ವರಂ, ಬೆಂಗಳೂರು ೫೬೦೦೦೩’ ಎಂಬ ವಿಳಾಸವನ್ನು ಗಮನಿಸಬಹುದು.

ಅ) ‘ಮಲ್ಲೇಶ್ವರಂ’ ಎಂಬುದರ ಕೊನೆಯಲ್ಲಿರುವುದು ಅನುಸ್ವಾರ. ಇದರ ಬದಲು ಕನ್ನಡ ಅಂಕಿ ಸೊನ್ನೆಯನ್ನು ಕೀಲಿಸಿದರೆ ‘ಮಲ್ಲೇಶ್ವರ೦’ ಎಂದಾಗುತ್ತದೆ. ಕಣ್ಣಿಗೆ ಎರಡೂ ಒಂದೇ ಆಗಿ ತೋರುತ್ತವೆ. ಪಿನ್ ಕೋಡ್‌ನಲ್ಲಿ ಸೊನ್ನೆಯ ಬದಲು ಅನುಸ್ವಾರ ಸೇರುವುದೂ ಇಂತಹುದೇ ದೋಷ.

ಆ) ‘ಮಾರ್ಗೋಸಾ’ ಎಂಬಲ್ಲಿನ ಅರ್ಕಾವೊತ್ತಿಗೆ ಬದಲಾಗಿ ಒಂಬತ್ತರ ಅಂಕಿಯನ್ನು ಬಳಸಿ ‘ಮಾಗೋ೯ಸಾ’ ಎಂದು ಕೀಲಿಸುವುದುಂಟು. ಹಳೆಯ ಫಾಂಟುಗಳಲ್ಲಿ ಅರ್ಕಾವೊತ್ತನ್ನು ವ್ಯಂಜನದ ನಂತರ ಕೀಲಿಸುತ್ತಿದ್ದ ಅಭ್ಯಾಸವೂ ಇದಕ್ಕೆ ಕಾರಣ. ಯೂನಿಕೋಡ್‌ನಲ್ಲಿ ರಕಾರ, ಹಲಂತ, ನಂತರ ವ್ಯಂಜನ ಎಂಬ ಕ್ರಮದಲ್ಲಿ ಕೀಲಿಸಿದರೆ ಅರ್ಕಾವೊತ್ತು ತಾನಾಗಿಯೇ ಮೂಡುತ್ತದೆ.

ಗಣಕಯಂತ್ರವು ಸಂಕೇತಗಳನ್ನು ಹೋಲಿಸುತ್ತದೆಯೇ ಹೊರತು ಆಕಾರವನ್ನಲ್ಲ. ಆದುದರಿಂದ ದೋಷವುಳ್ಳ ಹೆಸರನ್ನು ಸರಿಯಾದ ಕಾಗುಣಿತದಲ್ಲಿ ಹುಡುಕಿದಾಗ ದಾಖಲೆಯು ದೊರೆಯದೆ ಹೋಗಬಹುದು.

3. ಭಿನ್ನರಾಶಿ ಮತ್ತು ಅಳತೆಯ ಚಿಹ್ನೆಗಳು

ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು, ಬಲಬದಿಯ ಅಂಕಿ ಫಲಕದಲ್ಲಿ 0188 ಎಂದು ಕೀಲಿಸಿದರೆ ¼, 0189 ಎಂದರೆ ½, 0190 ಎಂದರೆ ¾, 0176 ಎಂದರೆ ° ಚಿಹ್ನೆ ದೊರೆಯುತ್ತದೆ. ವರ್ಡ್ ತಂತ್ರಾಂಶದಲ್ಲಿ ಇನ್‌ಸರ್ಟ್ ಪಟ್ಟಿಯ ಸಿಂಬಲ್, ಲಿಬ್ರೆ ಆಫೀಸ್‌ನಲ್ಲಿ ಇನ್‌ಸರ್ಟ್ ಪಟ್ಟಿಯ ಸ್ಪೆಷಲ್ ಕ್ಯಾರೆಕ್ಟರ್, ಇನ್‌ಡಿಸೈನ್‌ನಲ್ಲಿ ಟೈಪ್ ಪಟ್ಟಿಯ ಗ್ಲಿಫ್ಸ್ ಆಯ್ಕೆಗಳ ಮೂಲಕವೂ ಇವನ್ನು ಸೇರಿಸಬಹುದು.

ಆದರೆ ಹಳೆಯ ನುಡಿ ಫಾಂಟಿನಲ್ಲಿ ½ ಚಿಹ್ನೆಯ ಸ್ಥಾನದಲ್ಲಿ ‘ಳಿ’ ಅಕ್ಷರವಿದೆ. ಆ ಫಾಂಟಿನಲ್ಲಿ ‘3½ ಗುಂಟೆ’ ಎಂಬುದು ‘3ಳಿ ಗುಂಟೆ’ ಎಂದಾಗುತ್ತದೆ. ಇದನ್ನು ಕಂಡವರು ‘ಳಿ’ಯನ್ನು ಅಳಿಸಿದರೆ 3 ಗುಂಟೆ ಮಾತ್ರ ಉಳಿಯುತ್ತದೆ. ಒಂದು ಗುಂಟೆಗೆ 1,089 ಚದರ ಅಡಿಗಳಿರುವುದರಿಂದ, ಅರ್ಧ ಗುಂಟೆಯ ಲೋಪವೆಂದರೆ 544.5 ಚದರ ಅಡಿಗಳ ನಷ್ಟ. ಇದು 20 × 30 ಅಡಿ ಅಳತೆಯ ನಿವೇಶನಕ್ಕೆ ಸ್ವಲ್ಪವೇ ಕಡಿಮೆ. ನೋಂದಣಿಯಾದ ನಂತರ ಇಂತಹ ತಪ್ಪನ್ನು ಸರಿಪಡಿಸಲು ಉಭಯ ಪಕ್ಷಕಾರರು ಪುನಃ ತಿದ್ದುಪಡಿ ಪತ್ರವನ್ನು ಬರೆದುಕೊಡಬೇಕಾಗುತ್ತದೆ. ಆದ್ದರಿಂದ ವಿಸ್ತೀರ್ಣವನ್ನು ‘3½ (ಮೂರೂವರೆ) ಗುಂಟೆ’ ಎಂದು ಅಂಕಿ ಮತ್ತು ಅಕ್ಷರ ಎರಡರಲ್ಲಿಯೂ ನಮೂದಿಸುವುದು ಕ್ಷೇಮ.

4. ರೂಪಾಯಿ ಚಿಹ್ನೆ

ಕೇಂದ್ರ ಸಚಿವ ಸಂಪುಟವು 2010ರ ಜುಲೈ 15ರಂದು ಅಂಗೀಕರಿಸಿದ ₹ ಚಿಹ್ನೆಯು ಅದೇ ವರ್ಷ ಯೂನಿಕೋಡ್‌ಗೆ ಸೇರಿತು. ವಿಂಡೋಸ್‌ನ ಭಾರತೀಯ ಇಂಗ್ಲಿಷ್ ಕೀಲಿಮಣೆಯಲ್ಲಿ ಬಲಬದಿಯ ಆಲ್ಟ್ ಕೀಲಿಯೊಂದಿಗೆ 4ನ್ನು ಒತ್ತಿದರೆ ಇದು ಮೂಡುತ್ತದೆ. 2001ರಲ್ಲಿ ಬಂದ ಪೇಜ್‌ಮೇಕರ್ 7.0 ತಂತ್ರಾಂಶವು ಯೂನಿಕೋಡನ್ನು ಬೆಂಬಲಿಸುವುದಿಲ್ಲ. ಅಂತಹ ಕಡೆ ‘ರೂ.’ ಎಂದು ಬರೆದು, ಮೊತ್ತವನ್ನು ಅಕ್ಷರಗಳಲ್ಲಿಯೂ ನಮೂದಿಸಬಹುದು.

5. ಸಹಿ ಮಾಡುವ ಮುನ್ನ

* ಕಡತದಲ್ಲಿ ಕಂಟ್ರೋಲ್ ಮತ್ತು ಎಫ್ ಕೀಲಿಗಳನ್ನು ಒತ್ತಿ, ತಮ್ಮ ಹೆಸರು ಹಾಗೂ ಬಡಾವಣೆಯ ಹೆಸರನ್ನು ಸರಿಯಾಗಿ ಕೀಲಿಸಿ ಹುಡುಕಿಸಿರಿ. ಕಣ್ಣಿಗೆ ಕಾಣುವ ಹೆಸರು ಹುಡುಕಾಟದಲ್ಲಿ ಸಿಗದಿದ್ದರೆ ಸಂಕೇತದಲ್ಲಿ ದೋಷವಿದೆ ಅಥವಾ ಹಳೆಯ ಫಾಂಟು ಬಳಕೆಯಾಗಿದೆ ಎಂದು ತಿಳಿಯಬೇಕು.
* ಅಳತೆ, ಚಕ್ಕುಬಂದಿ, ಸರ್ವೆ ನಂಬರು ಮತ್ತು ಮೊತ್ತಗಳನ್ನು ಮೂಲ ದಾಖಲೆಯೊಂದಿಗೆ ತಾಳೆ ನೋಡಿರಿ.
* ಕಡತವನ್ನು ಫಾಂಟು ಸಹಿತವಾದ ಪಿಡಿಎಫ್ ರೂಪದಲ್ಲಿ ಪಡೆದು, ಮತ್ತೊಂದು ಯಂತ್ರದಲ್ಲಿ ತೆರೆದು ಪರಿಶೀಲಿಸಿರಿ.

ಬೆರಳಚ್ಚು ಮಾಡುವವರು ಯಾರೇ ಆಗಿದ್ದರೂ ದಸ್ತಾವೇಜಿಗೆ ಸಹಿ ಮಾಡುವವರು ಅರ್ಜಿದಾರರೇ ಆಗಿರುತ್ತಾರೆ. ಆದ್ದರಿಂದ ಸಾರ್ವಜನಿಕರು ಮೇಲ್ಕಂಡ ಅಂಶಗಳನ್ನು ಖಚಿತಪಡಿಸಿಕೊಂಡ ನಂತರವೇ ದಾಖಲೆಗಳನ್ನು ಸಲ್ಲಿಸಬೇಕಾಗಿ ಕೋರಲಾಗಿದೆ.