ಕಟ್ಟಡ ಮುಗಿಯುವ ಮೊದಲೇ ಪಾಠ ಶುರುವಾಯ್ತು

ನಮ್ಮ ಊರಿಗೊಂದು ಆಸ್ಪತ್ರೆ ಬರುತ್ತದೆ ಅಂದರೆ ನಾವು ಮೊದಲು ಕೇಳುವುದು ಎಷ್ಟು ಮಾಳಿಗೆ, ಎಷ್ಟು ಬೆಡ್, ಯಾವ ಮೆಷಿನ್ ಅಂತ. ಅಲ್ಲಿ ಕೆಲಸ ಮಾಡುವವರು ಎಲ್ಲಿ ಕಲಿಯುತ್ತಾರೆ ಅಂತ ಕೇಳುವುದು ಕಡಿಮೆ. ಆ ಪ್ರಶ್ನೆಯನ್ನೇ ಮೊದಲು ಕೇಳಿಕೊಂಡ ಒಬ್ಬ ಮಹಿಳೆಯ ಬಗ್ಗೆ ಈ ವಾರ ಹೇಳುತ್ತಿದ್ದೇವೆ. ಅವರ ಹೆಸರು ಎಡ್ನಾ ಅದಾನ್ ಇಸ್ಮಾಯಿಲ್.

ಯೆಮನ್‌ನ ಏಡನ್ ಬಂದರಿನಿಂದ ಕಡಲು ದಾಟಿದರೆ ಆಚೆ ದಡದಲ್ಲಿ ಸೋಮಾಲಿಲ್ಯಾಂಡ್. ಹರ್ಗೈಸಾ ಅದರ ರಾಜಧಾನಿ. ಜನ ಬಹುತೇಕ ಎಲ್ಲರೂ ಮುಸ್ಲಿಮರು. ಒಂಟೆ, ಆಡು ಕಟ್ಟಿಕೊಂಡು ನೀರು ಇರುವಲ್ಲಿಗೆ ಹೋಗುವ ಕುಟುಂಬಗಳು ಅಲ್ಲಿ ಬಹಳ. ಅಂಥ ಮನೆಯ ಹೆಣ್ಣಿಗೆ ನಡುರಾತ್ರಿ ಹೆರಿಗೆ ನೋವು ಶುರುವಾದರೆ ಯಾರನ್ನು ಕರೆಯುವುದು?

ಎಡ್ನಾ ಹುಟ್ಟಿದ್ದು ಅದೇ ಹರ್ಗೈಸಾದಲ್ಲಿ, 1937ರಲ್ಲಿ. ಉಪ್ಪ ಡಾಕ್ಟರ್. ಆಗ ಅಲ್ಲಿ ಹೆಣ್ಣುಮಕ್ಕಳಿಗೆ ಶಾಲೆ ಇರಲಿಲ್ಲ. ಮನೆಗೆ ಬಂದು ಗಂಡುಮಕ್ಕಳಿಗೆ ಹೇಳಿಕೊಡುತ್ತಿದ್ದ ಪಾಠವನ್ನು ಮಗಳೂ ಕಲಿಯಲಿ ಅಂತ ಉಪ್ಪ ಅವಕಾಶ ಮಾಡಿಕೊಟ್ಟರು. ಮುಂದೆ ಓದಲು ಪಕ್ಕದ ಜಿಬೂಟಿಗೆ ಕಳಿಸಿದರು. ಹುಡುಗಿಗೆ ಯಾಕೆ ಇಷ್ಟೆಲ್ಲ ಅಂತ ಮನೆಯ ಹಿರಿಯ ಹೆಂಗಸರಿಗೆ ಬೇಸರ. ರಜೆಗೆ ಬಂದಾಗ ಮಗಳು ಉಪ್ಪನ ಆಸ್ಪತ್ರೆಯಲ್ಲಿ ಕೈಜೋಡಿಸುತ್ತಿದ್ದಳು. ಮುಂದೆ ವಿದ್ಯಾರ್ಥಿವೇತನ ಪಡೆದು ಲಂಡನ್‌ನಲ್ಲಿ ನರ್ಸಿಂಗ್, ಹೆರಿಗೆ ಶುಶ್ರೂಷೆ ಕಲಿತು, 1961ರಲ್ಲಿ ಊರಿಗೆ ಮರಳಿದರು. ಆ ದೇಶದ ಮೊದಲ ತರಬೇತಾದ ನರ್ಸ್-ಸೂಲಗಿತ್ತಿ ಅವರೇ. ನಂತರ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ ದೊಡ್ಡ ಹುದ್ದೆಗಳಲ್ಲಿದ್ದು 1997ರಲ್ಲಿ ನಿವೃತ್ತರಾದರು.

ನಿವೃತ್ತಿಯ ಹಣದಲ್ಲಿ ಆರಾಮವಾಗಿ ಇರಬಹುದಿತ್ತು ಅಲ್ವಾ? ಅವರು ಹರ್ಗೈಸಾಕ್ಕೆ ಬಂದರು. 1988ರಲ್ಲಿ ಬಾಂಬು ಬಿದ್ದು ಹಾಳಾಗಿದ್ದ ಊರು ಅದು. ಅಂತರ್ಯುದ್ಧದಲ್ಲಿ ಅಲ್ಲಿನ ನರ್ಸ್‌ಗಳಲ್ಲಿ ಹೆಚ್ಚಿನವರು ಸತ್ತಿದ್ದರು ಇಲ್ಲವೇ ದೇಶ ಬಿಟ್ಟಿದ್ದರು. ಆಸ್ಪತ್ರೆ ಕಟ್ಟಲು ಸರಕಾರ ಕೊಟ್ಟ ಜಾಗ ಕಸ ಸುರಿಯುತ್ತಿದ್ದ ಜಾಗ. ಎಡ್ನಾ ಉಳಿತಾಯದ ಹಣ ಹಾಕಿದರು, ಕಾರನ್ನೂ ಮಾರಿದರು. ಕೆಲಸ ಅರ್ಧಕ್ಕೆ ನಿಂತಾಗ ಪತ್ರಿಕೆಯಲ್ಲಿ ಈ ಸುದ್ದಿ ಓದಿದ ಅಮೆರಿಕದ ಕೆಲವು ಮಹಿಳೆಯರು ತಾವೇ ಒಂದು ಗುಂಪು ಕಟ್ಟಿಕೊಂಡು ಹಣ ಕೂಡಿಸಿ ಕಳಿಸಿದರು.

ಗೋಡೆ ಏಳುತ್ತಿರುವಾಗಲೇ ಎಡ್ನಾರಿಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಬಾಗಿಲು ತೆರೆದ ದಿನ ಒಳಗೆ ನಿಲ್ಲಲು ನರ್ಸ್‌ಗಳೇ ಇಲ್ಲದಿದ್ದರೆ ಕಟ್ಟಡ ಇಟ್ಟುಕೊಂಡು ಏನು ಮಾಡುವುದು? ಹಾಗಾಗಿ ಕಟ್ಟಡ ಮುಗಿಯಲು ಕಾಯಲಿಲ್ಲ. 2000ದಲ್ಲೇ 30ಕ್ಕೂ ಹೆಚ್ಚು ಮಂದಿಯನ್ನು ಆರಿಸಿ ಪಾಠ ಶುರು ಮಾಡಿದರು. 2002ರ ಮಾರ್ಚ್ 9ರಂದು ಆಸ್ಪತ್ರೆ ತೆರೆದಾಗ ಅದರಲ್ಲಿ ಎರಡು ಆಪರೇಷನ್ ಥಿಯೇಟರ್, ಲ್ಯಾಬ್ ಜೊತೆಗೆ ಒಂದು ಲೈಬ್ರರಿ, ಕಂಪ್ಯೂಟರ್ ಕೋಣೆ, ನರ್ಸ್ ಮತ್ತು ಸೂಲಗಿತ್ತಿಯರ ತರಬೇತಿಗೆ ಅಂತಲೇ ಒಂದು ಇಡೀ ಭಾಗ ಇತ್ತು. ಲಾಭಕ್ಕಲ್ಲ, ಸೇವೆಗೆ ಅಂತ ನಡೆಯುವ ಸಂಸ್ಥೆ ಅದು.

ಕಲಿಸುವುದಕ್ಕೆ ಯಾಕೆ ಇಷ್ಟು ಬೆಲೆ? ಬಾಣಂತಿಯರ ಜೀವ ತೆಗೆಯುವುದು ಹೆಚ್ಚಾಗಿ ಕೆಲವೇ ಕಾರಣಗಳು: ಹೆರಿಗೆಯ ನಂತರ ನಿಲ್ಲದ ರಕ್ತಸ್ರಾವ, ಬಿಪಿ ಏರಿ ಬರುವ ಫಿಟ್ಸ್, ನಂಜು, ಮಗು ಹೊರಬರದೆ ಸಿಕ್ಕಿಕೊಳ್ಳುವುದು. ರಕ್ತಸ್ರಾವಕ್ಕೆ ಸಮಯಕ್ಕೆ ಸರಿಯಾಗಿ ಒಂದು ಇಂಜೆಕ್ಷನ್ ಕೊಡಲು ಬಲ್ಲವರು ಪಕ್ಕದಲ್ಲಿದ್ದರೆ ಎಷ್ಟೋ ತಾಯಂದಿರು ಉಳಿಯುತ್ತಾರೆ. ಸಿಸೇರಿಯನ್ ಬೇಕಾದರೆ ಆಸ್ಪತ್ರೆಗೇ ಹೋಗಬೇಕು ನಿಜ. ಆದರೆ ‘ಇದು ಮನೆಯಲ್ಲಿ ಆಗುವ ಹೆರಿಗೆಯಲ್ಲ, ಈಗಲೇ ಹೊರಡಿ’ ಅಂತ ಹೊತ್ತಿರುವಾಗಲೇ ಹೇಳಲು ಕಲಿತ ಕಣ್ಣು ಬೇಕು. ಅದಕ್ಕೇ ಎಡ್ನಾ 1,000 ಸೂಲಗಿತ್ತಿಯರನ್ನು ತಯಾರು ಮಾಡುವ ಗುರಿ ಇಟ್ಟರು. ಹಳ್ಳಿಯ ಹುಡುಗಿ ಕಲಿತು ತನ್ನವರ ನಡುವೆಯೇ ಕೆಲಸಕ್ಕೆ ನಿಂತರೆ, ಆಸ್ಪತ್ರೆ ತಲುಪಲಾಗದ ಮನೆಗೂ ಆಕೆ ತಲುಪುತ್ತಾಳೆ.

ಇನ್ನೊಂದು ಮಾತನ್ನೂ ಅವರು ಧೈರ್ಯವಾಗಿ ಎತ್ತಿದರು. ಅಲ್ಲಿ ಹೆಣ್ಣುಮಕ್ಕಳಿಗೆ ಸುನ್ನತಿ ಮಾಡುವ ಪದ್ಧತಿ ಇದೆ. ಅದರ ಗಾಯ ಹೆರಿಗೆಯಲ್ಲೂ ಅಪಾಯ ತರುತ್ತದೆ. ಎಡ್ನಾರೂ ಚಿಕ್ಕಂದಿನಲ್ಲಿ ಅದನ್ನು ಅನುಭವಿಸಿದವರು. ಉಪ್ಪ ಊರಲ್ಲಿಲ್ಲದಾಗ ನಡೆದ ಕೆಲಸ ಅದು. ಇದು ದೀನ್ ಹೇಳಿದ್ದಲ್ಲ ಅಂತ 1976ರಿಂದಲೂ ಬಹಿರಂಗವಾಗಿ ಹೇಳುತ್ತಾ ಬಂದಿದ್ದಾರೆ.

ಇಂದು ಆ ತರಗತಿಗಳು ಬೆಳೆದು ಅವರ ಹೆಸರಿನ ವಿಶ್ವವಿದ್ಯಾಲಯವೇ ಆಗಿದೆ. 2023ರಲ್ಲಿ ಟೆಂಪಲ್ಟನ್ ಪ್ರಶಸ್ತಿ ಬಂತು. ಅದನ್ನು ಪಡೆದ ಆಫ್ರಿಕಾದ ಮೊದಲ ಮಹಿಳೆ ಅವರು. ಆಗ ಅವರಿಗೆ 85 ವರ್ಷ. ಆ ಹಣದ ಒಂದು ಪಾಲನ್ನೂ ಆಸ್ಪತ್ರೆಯ ಉಪಕರಣಕ್ಕೆ, ಕಲಿಸುವವರಿಗೆ, ಹೊಸಬರ ತರಬೇತಿಗೆ ಅಂತ ಕೊಡುವುದಾಗಿ ಹೇಳಿದರು.

ನಮ್ಮ ಮನೆಗಳಲ್ಲೂ ನರ್ಸಿಂಗ್ ಓದುತ್ತೇನೆ ಅಂದ ಮಗಳಿಗೆ ‘ರಾತ್ರಿ ಡ್ಯೂಟಿ, ಬೇಡ’ ಅಂದವರಿದ್ದೇವೆ. ಅದೇ ನಾವು ಹೆರಿಗೆಗೆ ಹೋದಾಗ ‘ಲೇಡಿ ಸ್ಟಾಫ್ ಇದ್ದಾರಾ?’ ಅಂತ ಹುಡುಕುತ್ತೇವೆ. ಇನ್ನು ಮುಂದೆ ಯಾರಾದರೂ ಆಸ್ಪತ್ರೆ ಕಟ್ಟುತ್ತೇವೆ ಅಂತ ಚಂದಾ ಕೇಳಿಕೊಂಡು ಬಂದರೆ ಖಂಡಿತ ಕೊಡೋಣ. ಕೊಡುವಾಗ ಒಂದು ಮಾತು ಕೇಳೋಣ: ಅಲ್ಲಿ ಎಷ್ಟು ಮಂದಿ ಹೆಣ್ಣುಮಕ್ಕಳಿಗೆ ಕಲಿಸುತ್ತೀರಿ?